ಭೀಮಮ್ಮನ ಕಣ್ಣು ಬಿದ್ದ ಮೊಳೆ

ಕಂಪ್ಲಿಯ ಪಂಪಮ್ಮ ಮಾವಿನಕಾಯಿ ಉಪ್ಪಿನಕಾಯಿ ಹಾಕಿದಳೆಂದರೆ ಅದರ ಘಾಟಿಗೆ ಹಂಪಿಯ ಕಲ್ಲಾನೆಗಳು ಸಾಲುಸಾಲಾಗಿ ಸೀನುತ್ತಿದ್ದವು. ಸೊಸೆ ಕಾವ್ಯಳಿಗಂತೂ ಅದರ ಮೇಲೆ ಎಂಥ ಆಸೆಯೆಂದರೆ, ತಾನು ಹೊಸಪೇಟೆಯಿಂದ ಮದುವೆಯಾಗಿ ಬಂದದ್ದು ಗಂಡನಿಗಾಗಿಯೋ ಜಾಡಿಗಾಗಿಯೋ ಎಂಬುದು ಅವಳಿಗೇ ಖಚಿತವಿರಲಿಲ್ಲ.

ಈ ಬೇಸಿಗೆಯಲ್ಲಿ ಜಾಡಿಯ ಪಿಂಗಾಣಿ ಮುಚ್ಚಳ ಒಡೆಯಿತು. ಪಂಪಮ್ಮ ಕಬ್ಬಿಣದ ತಗಡೊಂದನ್ನು ಮುಚ್ಚಿದಳು. ಕೆಲವೇ ವಾರಗಳಲ್ಲಿ ಅದು ತುಕ್ಕು ತಿಂದು ಎಂಥ ಜರಡಿಯಾಯಿತೆಂದರೆ, ಇಡೀ ತುಂಗಭದ್ರೆಯನ್ನು ಅದರಲ್ಲೇ ಸೋಸಬಹುದಿತ್ತು.

"ಪಕ್ಕದ್ಮನಿ ಭೀಮಮ್ಮಗ ಜಾಡಿ ತೋರಿಸಿದಾಕಿ ನೀನ. ಆಕಿ ಕಣ್ಣು ಬಿದ್ದು ಕಬ್ಬಿಣ ಹಾಳಾತು," ಎಂದಳು ಪಂಪಮ್ಮ. "ಇನ್ನ ನಿನ್ನ ತಾಟಿಗೆ ಉಪ್ಪಿನಕಾಯಿ ಇಲ್ಲ."

ಕಾವ್ಯ ಬಿ.ಎಸ್ಸಿ.ಯಲ್ಲಿ ಓದಿದ್ದೆಲ್ಲ ಒಮ್ಮೆಲೇ ನಾಲಿಗೆಗೆ ನುಗ್ಗಿತು. "ಅತ್ತಿ, ಅದು ಹುಳಿ ಮಾಡಿದ್ದು ರೀ. ಮಾವಿನಕಾಯಿಯೊಳಗ ಆ್ಯಸಿಡ್ ಐತಿ, ಮ್ಯಾಲೆ ಉಪ್ಪು ಬ್ಯಾರೆ."

"ನಮ್ಮ ಹೊಟ್ಟಿಗೇ ಏನೂ ಆಗಿಲ್ಲ, ಕಬ್ಬಿಣಕ್ಕ ಆಗ್ತದೇನು?"

"ಹಂಗಾರ ನೋಡೇಬಿಡೋಣ್ರಿ. ಎರಡು ಹೊಸ ಮೊಳಿ ತರ್ತೀನಿ. ಒಂದು ಭೀಮಮ್ಮಾರ ಕಣ್ಣಿಗೆ ಬಿಡೋಣು. ಇನ್ನೊಂದನ್ನ ನೀವು ಹೆಂಗ ಬೇಕೋ ಹಂಗ ಕಾಯ್ಕೊಳ್ರಿ. ಆಕಿ ನೋಡಿದ್ದಕ್ಕ ತುಕ್ಕು ಹಿಡಿದ್ರ ನಾ ಜಾಡಿ ಕಡೆ ತಲಿ ಹಾಕಿ ಸೈತ ಮಲಗಂಗಿಲ್ಲ."

ಭೀಮಮ್ಮನ ಕಣ್ಣು ಸಾಮಾನ್ಯದ್ದಲ್ಲ. ಸಂಡೂರಿನ ಅದಿರು ಲಾರಿಯೊಂದನ್ನು ನೋಡಿ "ಭಾಳ ಚಲೋ ಓಡ್ತದ" ಅಂದಿದ್ದಕ್ಕೆ, ಮರಿಯಮ್ಮನಹಳ್ಳಿ ದಾಟುವ ಮೊದಲೇ ಅದರ ಗಾಲಿಗಳೆಲ್ಲ ದಿಕ್ಕಿಗೊಂದಾಗಿ ಓಡಿಹೋಗಿದ್ದವು. ತನ್ನ ಕಣ್ಣಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಇದೇ ಮೊದಲು. ದಿನಾ ಬೆಳಿಗ್ಗೆ ಬಂದು, ಚಾ ಹೀರುತ್ತ, ಕಿಟಕಿ ಕಟ್ಟೆಯ ಮೇಲಿದ್ದ ಮೊಳೆಯನ್ನು ಹಾಡಿ ಹೊಗಳುತ್ತಿದ್ದಳು. "ಏನ್ ಹೊಳಪಲೇ ನಿಂದು. ಹಸಿಮಣಿ ಮ್ಯಾಲೆ ಮದಲಿಂಗ ಕುಂತಂಗ ಐತಿ."

ಇತ್ತ ಪಂಪಮ್ಮ ತನ್ನ ಮೊಳೆಗೆ ದೃಷ್ಟಿ ತಾಗದಿರಲೆಂದು, ಅಕ್ಕಿ ಗಿರಣಿಯ ಬಾಗಿಲಿಗೆ ಕಟ್ಟುವಂಥ ದಪ್ಪ ನಿಂಬೆಹಣ್ಣು ಹುಡುಕಿ, ಮೊಳೆಯನ್ನು ತಲೆತನಕ ಅದರೊಳಗೆ ಚುಚ್ಚಿ, ಮೆಣಸಿನಕಾಯಿ ಸಮೇತ ದೇವರ ಕೋಣೆಯಲ್ಲಿ ತೂಗುಹಾಕಿದಳು. ಅದನ್ನು ಕಂಡ ಕಾವ್ಯ ಹಿತ್ತಲಿಗೆ ಓಡಿ, ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಆ ನಗುವಿಗೆ ಬಾವಿಯ ನೀರು ಒಂದು ಮೊಳ ಮೇಲೆ ಬಂತು.

ವಾರ ಕಳೆಯಿತು. ಭೀಮಮ್ಮನ ಮೊಳೆ ಹೊಳೆಯುತ್ತಲೇ ಇತ್ತು. ಪಂಪಮ್ಮ ನಿಂಬೆಹಣ್ಣಿನಿಂದ ಎಳೆದ ಮೊಳೆ ಇದ್ದಿಲಿನಂತೆ ಕಪ್ಪಾಗಿತ್ತು, ಸುತ್ತಲಿನ ತಿರುಳೂ ಮಸಿ.

"ದೃಷ್ಟಿನೆಲ್ಲ ನಿಂಬಿಹಣ್ಣು ಎಳ್ಕೊಂಡದ," ಎಂದಳು ಪಂಪಮ್ಮ, ದನಿ ಇಳಿಸಿ.

ಭೀಮಮ್ಮ ಉರಿದುಬಿದ್ದಳು. "ನಾ ಆ ದೇವರ ಕೋಣಿ ಹೊಸ್ತಿಲಾನೂ ತುಳಿದಿಲ್ಲ. ನಿನ್ನ ನಿಂಬಿಹಣ್ಣಿನ ಕೆಲಸಾನ ನನ್ನ ತಲಿಗೆ ಕಟ್ಟಬ್ಯಾಡ. ಇಷ್ಟು ಹೊಗಳಿದ ಮೊಳೀಗೇ ಏನೂ ಆಗ್ಲಿಲ್ಲ. ನಾಳೆ ಕಣ್ಣಿನ ಡಾಕ್ಟರಿಗೆ ತೋರಿಸ್ಬೇಕು."

ಪಂಪಮ್ಮ ಕಪ್ಪು ಮೊಳೆಯನ್ನು ಮೂಸಿದಳು, ತೂತುಬಿದ್ದ ಮುಚ್ಚಳವನ್ನು ಮೂಸಿದಳು. ಎರಡರಲ್ಲೂ ಹುಳಿ. ಆಮೇಲೆ ಜಾಡಿಯಲ್ಲಿ ತುಕ್ಕು ಬಿದ್ದ ಮೇಲಿನ ಪದರವನ್ನೆಲ್ಲ ತೆಗೆದು ಚೆಲ್ಲಿ, ತಳದಿಂದ ದೊಡ್ಡ ಹೋಳೊಂದನ್ನು ಸೊಸೆಯ ತಾಟಿಗೆ ಹಾಕಿದಳು.

"ಇನ್ನೊಂದು ಹಾಕ್ರಿ ಅತ್ತಿ," ಎಂದಳು ಕಾವ್ಯ.