ಎಲ್ಲರೂ ಆರಾಮಾಗಿದ್ದಾರೆ

ನೆಲಕ್ಕೆ ಬಿದ್ದ ಸೀಮೆಸುಣ್ಣದ ತುಂಡನ್ನು ಎತ್ತಿಕೊಳ್ಳಲು ಬಗ್ಗಿದ ಟೈಲರ್ ಅರ್ಧಕ್ಕೇ ನಿಂತುಬಿಟ್ಟರು. ಒಂದು ಕೈ ಮೇಜು ಹಿಡಿದಿತ್ತು, ಇನ್ನೊಂದು ತೊಡೆಸಂದಿಗೆ ಹೋಗಿತ್ತು. ಕೋಟಿಗೆ ಅಳತೆ ಕೊಡಲು ಬಂದಿದ್ದ ಡಾಕ್ಟರಮ್ಮ ಅದನ್ನು ನೋಡದೆ ಇರುವುದು ಹೇಗೆ? ಎರಡು ವರ್ಷದ ಹಿಂದೆ ಅದೇ ಜಾಗದಲ್ಲಿ ಹರ್ನಿಯಾ ಆಪರೇಷನ್ ಮಾಡಿದವಳೇ ಅವಳು. ಸರ್ಜರಿ ಕಲಿಯಲು ಸೇರಿದ ಮೇಲೆ ತನ್ನ ಕೈಯಾರೆ ಮಾಡಿದ ಮೊದಲನೆಯದು.

ನೋವಿದೆಯಾ ಎಂದು ಕೇಳಿದಳು. ಏನಿಲ್ಲ, ವಯಸ್ಸಾಯ್ತಲ್ಲ ಎಂದು ಟೈಲರ್ ನಕ್ಕರು.

ಮಿಷನ್ ತುಳಿಯುತ್ತಿದ್ದ ಅವರ ಹೆಂಡತಿಗೆ ಮಾತ್ರ ತಡೆಯಲಾಗಲಿಲ್ಲ. ಈ ಮನುಷ್ಯ ಮಿಷನ್ ಮುಟ್ಟಿ ಎರಡು ವರ್ಷವಾಯಿತು, ಕಾಲಾಡಿಸಿದರೆ ಅಲ್ಲಿ ಬೆಂಕಿ ಇಟ್ಟ ಹಾಗಾಗುತ್ತದಂತೆ, ನಿಂತುಕೊಂಡು ಬಟ್ಟೆ ಕತ್ತರಿಸಿ ಕೊಡುತ್ತಾರೆ, ಹೊಲಿಯುವುದೆಲ್ಲ ನನ್ನ ತಲೆಗೇ ಬಂದಿದೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

"ಹೋದ ತಿಂಗಳು ಫೋನ್ ಮಾಡಿದಾಗ ಆರಾಮಾಗಿದೀನಿ ಅಂದ್ರಲ್ಲ?"

ಟೈಲರ್ ಕತ್ತರಿಯನ್ನು ಅತ್ತಿತ್ತ ಸರಿಸಿದರು. "ಆಪರೇಷನ್ ಮಾಡಿದ ಡಾಕ್ಟ್ರು ನೆನಪಿಟ್ಕೊಂಡು ಫೋನ್ ಮಾಡ್ತೀರ. ನಿಮ್ಮ ಹತ್ರ ನೋವು ಅಂತ ಯಾವ ಬಾಯಲ್ಲಿ ಹೇಳ್ಲಿ ಮೇಡಂ? ನೀವು ಬೇಜಾರ್ ಮಾಡ್ಕೊಳಲ್ವಾ?"

ನಾಳೆಯೇ ಆಸ್ಪತ್ರೆಗೆ ಬರಬೇಕು ಎಂದು ಅವಳು ಪಟ್ಟು ಹಿಡಿದಳು. ನಿಮ್ಮ ಕೋಟು ಮುಗಿಸಿ ಬರ್ತೀನಿ ಎಂದರು. ಕೋಟು ಹಾಳಾಗಲಿ, ನಾಳೆ ಬನ್ನಿ ಎಂದು ಹೇಳಿ ಹೊರಗೆ ಬಂದಳು.

ಆ ಕೋಟಾದರೂ ಯಾಕೆ? ಅವಳ ಸಂಶೋಧನೆ ದೊಡ್ಡ ಸಮ್ಮೇಳನಕ್ಕೆ ಆಯ್ಕೆಯಾಗಿತ್ತು. ಹರ್ನಿಯಾ ಜಾಗದಲ್ಲಿ ಕೂರಿಸುವ ಜಾಲರಿಯನ್ನು ಹೊಲಿಯದೆ ಅಂಟಿಸಿದರೆ ವರ್ಷದ ಮೇಲೆ ನೋವು ಉಳಿಯುತ್ತದೆಯೇ ಎಂಬುದು ಪ್ರಶ್ನೆ. ನಿದ್ದೆಗೇ ಗತಿಯಿಲ್ಲ, ಇನ್ನು ಸಂಶೋಧನೆಯಂತೆ ಎಂದು ಜೊತೆಯವರೆಲ್ಲ ಗೇಲಿ ಮಾಡುತ್ತಿದ್ದಾಗ ವಿಭಾಗದ ದೊಡ್ಡ ಮೇಡಂ ಇವಳ ಬೆನ್ನಿಗೆ ನಿಂತಿದ್ದರು. ಆಡಳಿತದವರ ಜೊತೆ ಜಗಳವಾಡಿ ವಾರಕ್ಕೊಂದು ಮಧ್ಯಾಹ್ನ ಬಿಡುವು ಕೊಡಿಸಿದ್ದರು. ಹಾಗೆ ಜಾಲರಿ ಅಂಟಿಸಿ ಇವಳು ಆಪರೇಷನ್ ಮಾಡಿದವರಿಗೆಲ್ಲ ಇವಳೇ ಫೋನ್ ಮಾಡಿದ್ದಳು. ಹೆಚ್ಚುಕಡಿಮೆ ಎಲ್ಲರೂ ಆರಾಮಾಗಿದ್ದರು. ಮೇಡಂ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದರು.

ಬಸ್ಸಿನಲ್ಲಿ ಅವಳ ತಲೆ ಕಲಸಿದ ಹಿಟ್ಟಾಯಿತು. ಮೊದಲು ತನ್ನ ಕೈಯ ಮೇಲೇ ಅನುಮಾನ ಬಂತು, ನರಕ್ಕೇನಾದರೂ ಪೆಟ್ಟಾಯಿತೇ ಎಂದು. ಅದರ ಹಿಂದೆಯೇ ಇನ್ನೊಂದು ಬಂತು. ಟೈಲರ್ ಸುಳ್ಳು ಹೇಳಿದ್ದರೆ ಉಳಿದವರು? ನೂರು ವರ್ಷ ಬಾಳು ಮಗಳೇ ಎಂದಿದ್ದ ಅಜ್ಜಿ, ಹಹ್ಹಾ ಎಂದು ನಕ್ಕು ಫೋನಿಟ್ಟಿದ್ದ ಲಾರಿ ಡ್ರೈವರ್, ಅವರೆಲ್ಲ? ಟೈಲರ್ ಒಬ್ಬರ ಉತ್ತರ ತಿದ್ದಿದರೆ ಸಾಕೇ? ಮತ್ತೆ ಕೇಳೋಣವೆಂದರೆ ಆಪರೇಷನ್ ಮಾಡಿದ ಇವಳಿಗೆ ಮತ್ತೆ ಅದೇ ಉತ್ತರ. ಸುಮ್ಮನಿರೋಣವೆಂದರೆ, ಈ ಲೆಕ್ಕ ನಂಬಿ ನಾಳೆ ಇನ್ನೆಷ್ಟು ಜನರಿಗೆ ಜಾಲರಿ ಅಂಟಿಸುತ್ತಾರೋ. ಮೇಡಂಗೆ ಏನೆಂದು ಹೇಳುವುದು? ಅಳು ಬಂತು, ಕೋಪವೂ ಬಂತು, ಯಾರ ಮೇಲೆ ಎಂಬುದೇ ತಿಳಿಯಲಿಲ್ಲ. ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿತ್ತು.

ಮೂಳೆ ವಿಭಾಗದಲ್ಲಿ ಅವಳ ಗೆಳೆಯನೊಬ್ಬನಿದ್ದ. ಎಲ್ಲರೂ ಗೊಣಗಣ್ಣ ಎನ್ನುತ್ತಿದ್ದರು. ಅವನನ್ನು ಖುಷಿಪಡಿಸಬೇಕೆಂದು ಈ ಭೂಮಿಯ ಮೇಲೆ ಯಾರಿಗೂ ಅನ್ನಿಸಿದ್ದಿಲ್ಲ. ಅವಳು ನೇರ ಅವನ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ, ನೀನೇ ಕೇಳು ಎಂದು ರೋಗಿಗಳ ಫೋನ್ ನಂಬರುಗಳನ್ನು ಮುಂದಿಟ್ಟಳು.

"ನನಗೇನು ಬೇರೆ ಕೆಲ್ಸ ಇಲ್ವಾ?"

"ಆಸ್ಪತ್ರೆಯಿಂದ ಅಂತಷ್ಟೇ ಹೇಳು. ನನ್ನ ಹೆಸರು ಎತ್ತಬೇಡ."

ಗೊಣಗುತ್ತಲೇ ಅವನು ನಿಂತಲ್ಲಿಂದಲೇ ಲಾರಿ ಡ್ರೈವರ್‌ನ ನಂಬರು ಒತ್ತಿದ. ಯಾವುದೋ ಹಳೇ ಬಾಕಿ ವಸೂಲಿಗೆ ಬಂದವನ ಹಾಗೆ, ಆಪರೇಷನ್ ಆದ ಜಾಗದಲ್ಲಿ ನೋವಿದೆಯಾ ಇಲ್ವಾ ಎಂದು ಕೇಳಿದ. ಆಮೇಲೆ ಹೂಂ ಎಂದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೂಂ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಗೋಡೆಯ ಕಡೆ ತಿರುಗಿದ. ಫೋನಿನೊಳಗಿನ ದನಿ ನಿಲ್ಲಲೇ ಇಲ್ಲ. ಗೊಣಗಣ್ಣ ಪಕ್ಕದಲ್ಲಿದ್ದ ಕುರ್ಚಿಯನ್ನು ಕಾಲಿನಿಂದ ಮೆಲ್ಲಗೆ ಎಳೆದುಕೊಂಡು ಕೂತ.