ಕುಕ್ಕರಿನ ಕಾಫಿ ಮಿಷನ್

"ತೂತು ಮುಚ್ಚಿಬಿಟ್ರಾ?" ಅಂತ ಕೇಳಿದಾಗ ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

ಗಂಡ ತಲೆಯೆತ್ತಲಿಲ್ಲ. ಅಡಿಗೆಮನೆಯ ಕಟ್ಟೆಯ ಮೇಲೆ ಹಳೇ ಕುಕ್ಕರಿನ ಮುಚ್ಚಳವನ್ನು ಬೋರಲು ಹಾಕಿಕೊಂಡು ಸ್ಪ್ಯಾನರಿನಿಂದ ಬಿಗಿಯುತ್ತಿದ್ದ. "ಮುಚ್ಚೋದೆಲ್ಲಿ ಬಂತು? ಸೀಟಿ ಕೂರೋ ಜಾಗಕ್ಕೆ ತಾಮ್ರದ ಕೊಳವೆ ಹಾಕಿದೀನಿ, ಪಕ್ಕದ ಸೇಫ್ಟಿ ವಾಲ್ವ್ ತೂತಿಗೆ ಮೀಟರು. ಸೀಟಿ ಹೊಡೀತಾ ಕೂತ್ರೆ ಇರೋ ಬರೋ ಆವಿಯೆಲ್ಲ ದಂಡ ಕಣೇ."

ಅವನು ಬೀಗ ರಿಪೇರಿ ಮಾಡುವವನು. ಕೀಲಿ ಕಳಕೊಂಡವರ ಮನೆ ಬಾಗಿಲನ್ನು ಒಂದು ತಂತಿಯಲ್ಲಿ ತೆಗೆದುಕೊಡುವ ಗಂಡಸಿಗೆ ಯಾವ ಯಂತ್ರ ಕಂಡರೂ ಅಷ್ಟೇ. ಇದರೊಳಗೇನು ಮಹಾ ಇದೆ ಎಂಬ ಉಡಾಫೆ. ತಿಂಗಳ ಹಿಂದೆ ಅವಳ ಅಕ್ಕನ ಮನೆಗೆ ಹೋಗಿದ್ದಾಗ ಭಾವ ಹೊಸದಾಗಿ ತಂದ ಕಾಫಿ ಮಿಷನ್ ತೋರಿಸಿದ್ದರು. ಕನ್ನಡಿಯಂತೆ ಹೊಳೆಯುವ ಮೈ, ಗುಂಡಿ ಒತ್ತಿದರೆ ಗುರ್ರೆಂದು ನೊರೆಗಾಫಿ. ಅವಳು ಲೋಟದ ತಳದ ನೊರೆಯನ್ನೂ ಬೆರಳಲ್ಲಿ ಬಳಿದು ನೆಕ್ಕಿದ್ದನ್ನು ಗಂಡ ನೋಡಿದ್ದ. "ಇಂಥದ್ದೆಲ್ಲ ಎಲ್ಲರ ಮನೆಗೂ ಆಗಿಬರೋದಿಲ್ಲ ಬಿಡಿ," ಅಂದಿದ್ದರು ಭಾವ. ಅಷ್ಟೇ ಸಾಕಾಯಿತು. ಅವನು ತಲೆಗೆ ಹುಳ ಬಿಟ್ಟುಕೊಂಡ. ಮದುವೆಯಲ್ಲಿ ಬಂದು ಅಟ್ಟ ಸೇರಿದ್ದ ಕುಕ್ಕರ್ ಕೆಳಗಿಳಿಯಿತು. ಗುಜರಿಯಿಂದ ಒತ್ತಡ ತೋರಿಸುವ ಮುಳ್ಳಿನ ಮೀಟರು ಬಂತು. ಕೊಳವೆಯ ತುದಿಗೆ ನಲ್ಲಿ, ನಲ್ಲಿಯ ಕೆಳಗೆ ಕಾಫಿಪುಡಿ ತುಂಬುವ ಜಾಲರಿಯ ಬಟ್ಟಲು. ಆವಿಯ ಒತ್ತಡ ಏರಿದ ಮೇಲೆ ನಲ್ಲಿ ತಿರುಗಿಸಿದರೆ ಬಿಸಿನೀರು ಪುಡಿಯೊಳಗಿಂದ ನುಗ್ಗಿ ಕಾಫಿಯಾಗಿ ಇಳಿಯಬೇಕು.

ಆ ಕುಕ್ಕರ್ ಅಟ್ಟಕ್ಕೇಕೆ ಹೋಗಿತ್ತೆಂದು ಅವನು ಯಾವತ್ತೂ ಕೇಳಿರಲಿಲ್ಲ. ತೆರೆದ ಪಾತ್ರೆಯಲ್ಲಿ ಬೇಯಿಸಿದರೆ ಅನ್ನಕ್ಕೆ ರುಚಿ ಅಂತ ಅವಳು ಹೇಳಿದ್ದಳು, ಅವನು ನಂಬಿದ್ದ. ಮದುವೆಗೆ ಮುಂಚೆ ಅವಳು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದುದು ಅವನಿಗೆ ಗೊತ್ತಿತ್ತು. ಬಿಟ್ಟದ್ದು ಬೆನ್ನುನೋವಿಗೆ ಅಂತಲೂ ಗೊತ್ತಿತ್ತು. ಬೆನ್ನಿಗೇನೂ ಆಗಿರಲಿಲ್ಲ.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಅಕ್ಕ, ಭಾವ ಕಾಫಿಗೆ ಬರುವುದೆಂದು ಗೊತ್ತಾಗಿತ್ತು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಒಲೆ ಹೊತ್ತಿತು. ಅತ್ತೆ ಎಂದಿನಂತೆ ಒಲೆಯ ಪಕ್ಕದ ಗೋಡೆಗೊರಗಿ ಮಣೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಹೆಗಲು ಮುಟ್ಟಿದರೆ ಮಾತ್ರ ತಿರುಗಿ ನೋಡುತ್ತಿದ್ದರು.

"ಅತ್ತೇನ ಈಚೆ ಕೂರಿಸಲಾ?" ಅಂದಳು.

"ಯಾಕೆ? ಅಮ್ಮನೂ ನೋಡ್ಲಿ, ಮಗ ಏನು ಮಾಡಿದಾನೆ ಅಂತ."

ಅಷ್ಟರಲ್ಲಿ ಕೆಳಗಿನಿಂದ ಭಾವನ ಫೋನು ಬಂತು. ಲಿಫ್ಟು ಕೆಟ್ಟಿದೆ, ಅಕ್ಕನಿಗೆ ಮಂಡಿನೋವು, ನಾಲ್ಕು ಮಹಡಿ ಹತ್ತಬೇಕು. ಅವನು ಚಪ್ಪಲಿ ಮೆಟ್ಟಿದ. "ಕೈ ಹಿಡ್ಕೊಂಡು ಕರ್ಕೊಂಡ್ಬರ್ತೀನಿ. ಮುಳ್ಳು ಕೆಂಪು ಗೆರೆ ಹತ್ರ ಬಂದ್ರೆ ಉರಿ ಸಣ್ಣ ಮಾಡು. ಬೇರೇನೂ ಮುಟ್ಬೇಡ."

"ರೀ..." ಅನ್ನುವಷ್ಟರಲ್ಲಿ ಮೆಟ್ಟಿಲಿಳಿಯುವ ಸದ್ದು.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮುಳ್ಳು ಏರುತ್ತಿತ್ತು. ಗೆರೆಗೆ ಇನ್ನೂ ಎರಡು ಬೆರಳು ದೂರವಿದೆ ಅಂದುಕೊಂಡಳು. ಮತ್ತೆ ನೋಡಿದರೆ ಒಂದು ಬೆರಳು. ಹೋಗಿ ಉರಿ ಸಣ್ಣ ಮಾಡಬೇಕು, ಅಷ್ಟೇ ಕೆಲಸ. ಆದರೆ ಒಲೆಯ ತಿರುಪು ಕುಕ್ಕರಿನ ಬುಡದಲ್ಲೇ ಇತ್ತು, ಮುಖವನ್ನು ಅಲ್ಲಿಗೊಯ್ಯಬೇಕು. ಆವತ್ತೂ ಹೀಗೇ ಇತ್ತು. ಲಾಂಡ್ರಿಯ ಆವಿಕೊಳವೆ ಮೊದಲು ಸಣ್ಣಗೆ ಹಾಡುವಂತೆ ಕುಂಯ್ಯೆಂದಿತ್ತು. ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದ, ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದ ಹೆಂಗಸು ನಕ್ಕು, "ಇದಕ್ಕೂ ಇವತ್ತು ಖುಷಿ ಬಂದಿದೆ ನೋಡೇ," ಅಂದಿದ್ದಳು.

ಕುಕ್ಕರ್ ಕುಂಯ್ಯೆಂದಿತು.

ಮುಳ್ಳು ಕೆಂಪು ಗೆರೆ ದಾಟಿತು. "ಅತ್ತೇ!" ಎಂದು ಕಿರುಚಿದಳು. ಅತ್ತೆ ಇನ್ನೊಂದು ಎಸಳು ಸುಲಿದು ಬಟ್ಟಲಿಗೆ ಹಾಕಿದರು.

ಆಮೇಲೆ ತಾನು ಮಾಡಿದ್ದು ಯಾವ ಕ್ರಮದಲ್ಲಿ ನಡೆಯಿತೆಂದು ಅವಳಿಗೆ ಸರಿಯಾಗಿ ನೆನಪಾಗುವುದಿಲ್ಲ. ಸಿಲಿಂಡರ್ ಹೊರಗೆ ಬಾಲ್ಕನಿಯಲ್ಲಿತ್ತು. ಓಡಿಹೋಗಿ ಅದನ್ನು ಬಂದ್ ಮಾಡಿದ್ದು ನಿಜ. ಒಲೆ ಆರಿತು, ಕುಂಯ್ ಅನ್ನುವುದು ಆರಲಿಲ್ಲ. ಮತ್ತೆ ಬಾಗಿಲಿಗೆ ಬಂದಳು. ಹೊರಗೇ ಇದ್ದುಬಿಡಬಹುದಿತ್ತು. ಹಾಗನ್ನಿಸಿದ್ದೂ ನಿಜ. ಕಣ್ಣು ಮುಚ್ಚಿಕೊಂಡೇ ಒಳಗೆ ನುಗ್ಗಿ, ಅತ್ತೆಯ ಕಂಕುಳಿಗೆ ಕೈ ಕೊಟ್ಟು, ಮೂಟೆ ಎಳೆದಂತೆ ಎಳೆದಳು. ಅತ್ತೆ ಬೈಯುತ್ತಿದ್ದರು. ಬೆಳ್ಳುಳ್ಳಿ ಬಟ್ಟಲು ಉರುಳಿತು. ಇಬ್ಬರೂ ಹೊಸ್ತಿಲಾಚೆ ಬೀಳುವುದಕ್ಕೂ ಹಿಂದೆ ಧಡಾರೆಂದು ಸದ್ದಾಗುವುದಕ್ಕೂ ಸರಿಹೋಯಿತು.

ಮೆಟ್ಟಿಲ ಮೇಲಿದ್ದ ಗಂಡ, ಭಾವ ಓಡಿಬಂದರು, ಹಿಂದೆಯೇ ಕುಂಟುತ್ತ ಅಕ್ಕ. ಅಡಿಗೆಮನೆಯ ಕಿಟಕಿಯಲ್ಲಿ ಗಾಜು ಉಳಿದಿರಲಿಲ್ಲ. ತಾಮ್ರದ ಕೊಳವೆ ಕಿತ್ತು ಸೂರಿಗೆ ಬಡಿದು ಬಿದ್ದಿತ್ತು. ಒಲೆಯ ಪಕ್ಕದ ಗೋಡೆಯ ಮೇಲೆ ಕುದಿನೀರೂ ಕಾಫಿಪುಡಿಯೂ ಬೆರೆತು ಕಪ್ಪಗೆ ಚಿಮ್ಮಿ ಇಳಿಯುತ್ತಿತ್ತು, ಇನ್ನೂ ಹಬೆಯಾಡುತ್ತಿತ್ತು.

"ಬೆಳ್ಳುಳ್ಳಿಯೆಲ್ಲ ಚೆಲ್ಲಿಬಿಟ್ಳು ನೋಡೋ ನಿನ್ನ ಹೆಂಡತಿ!" ಅಂದರು ಅತ್ತೆ, ಮಗನ ಮುಖ ನೋಡಿ. ಮುಖ ನೋಡಿದ ಮೇಲೆ ಸುಮ್ಮನಾದರು.

ಅವನು ಹೆಂಡತಿಯ ತೋಳು ಮುಟ್ಟಲು ಬಂದ. ಅವಳು ಹಿಂದೆ ಸರಿದಳು.

"ದೊಡ್ಡಕ್ಕ ಅಂತ ಒಬ್ಳಿದ್ಳು ಲಾಂಡ್ರೀಲಿ," ಅಂದಳು. "ಕೊಳವೆ ಸಿಡಿದಾಗ ನಾನು ಬಾಗಿಲ ಹತ್ರ ಇದ್ದೆ. ಅವಳು ಕೈ ಚಾಚಿದ್ಳು. ನಾನು ಓಡಿಹೋದೆ. ನಾಕು ದಿನ ಬದುಕಿದ್ಳು. ನೋಡೋಕೂ ಹೋಗಲಿಲ್ಲ ನಾನು." ಇಷ್ಟು ವರ್ಷ ಒಳಗಿದ್ದದ್ದು ಹೊರಬರಲು ಇಷ್ಟೇ ಮಾತು ಸಾಕಾಗುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಅಕ್ಕ ಬಂದು ಅವಳನ್ನು ತಬ್ಬಿ ಕೂರಿಸಿದಳು. ಗಂಡ ಒಳಗೆ ಹೋಗಿ, ಮುಗುಚಿದ್ದ ಮಣೆಯನ್ನು ನೆಟ್ಟಗೆ ಮಾಡಿ, ಅಮ್ಮ ಕೂತಿದ್ದ ಜಾಗದಲ್ಲಿ ತಾನು ಕೂತ. ಗೋಡೆಯ ಕಲೆ ಅವನ ಭುಜದಿಂದ ಶುರುವಾಗಿ ತಲೆಯನ್ನೂ ದಾಟಿ ಮೇಲಕ್ಕೆ ಹೋಗಿತ್ತು. ಅವನು ಬಹಳ ಹೊತ್ತು ಏಳಲಿಲ್ಲ.

ಕಡೆಗೆ ಕಾಫಿ ಮಾಡಿದವರು ಭಾವ. ಗಾಜಿನ ಚೂರು ಗುಡಿಸಿ, ಪಾತ್ರೆಯಲ್ಲಿ ನೀರು ಕುದಿಸಿ ಇಳಿಸಿ, ಪುಡಿ ಹಾಕಿ ಮುಚ್ಚಿಟ್ಟು, ತೆಳು ಬಟ್ಟೆಯಲ್ಲಿ ಸೋಸಿದರು. ಕೈ ಪಳಗಿತ್ತು. "ನಮ್ಮನೇಲೂ ಈಗ ಹೀಗೇನೇ," ಅಂದರು ಯಾರನ್ನೂ ನೋಡದೆ. "ಆ ಮಿಷನ್ನು ಕೆಟ್ಟು ಹದಿನೈದು ದಿನ ಆಯ್ತು. ಬಿಚ್ಚಿ ನೋಡೋಕೆ ನಿಮ್ಮನ್ನೇ ಕೇಳೋಣ ಅಂತ ಬಂದಿದ್ದೆ."

ಅತ್ತೆ ಊದಿ ಊದಿ ಕುಡಿದು, ಚೆನ್ನಾಗಿದೆ ಅಂತ ತಲೆಯಾಡಿಸಿದರು.

ಅವಳು ಲೋಟ ಹಿಡಿಯಲು ನೋಡಿದಳು. ಹಬೆ ಮುಖಕ್ಕೆ ತಾಗುತ್ತಲೇ ಅದನ್ನು ತೋಳುದ್ದ ದೂರ ಹಿಡಿದಳು. ಗಂಡ ಎದ್ದು ಬಂದು ಅವಳ ಮುಂದೆ ನೆಲದ ಮೇಲೆ ಕೂತ. ಲೋಟವನ್ನು ಅವಳ ಕೈಯಿಂದ ತೆಗೆದುಕೊಂಡು, ಅವಳ ಮುಖಕ್ಕೂ ಲೋಟಕ್ಕೂ ನಡುವೆ ಅಂಗೈ ಅಡ್ಡ ಹಿಡಿದ. ಕಾಫಿಯಿಂದೇಳುತ್ತಿದ್ದ ಹಬೆ ಪೂರಾ ನಿಲ್ಲುವ ತನಕ ಹಾಗೇ ಹಿಡಿದುಕೊಂಡಿದ್ದ.