ಮೇಲಿನ ಕೇರಿಯಲ್ಲಿ ಕೂತ ಸಭೆ

ನನ್ನನ್ನು ಪುರಸಭೆಗೆ ಆರಿಸಿದವರಿಗೆ ನಾನು ನಿಜವಾಗಿಯೂ ಅಲ್ಲಿಗೆ ಹೋಗಿ ಕೂರುತ್ತೇನೆ ಅನ್ನೋ ಅಂದಾಜೇ ಇರಲಿಲ್ಲ. ಚುನಾವಣೆಗೆ ನಿಲ್ಲುವವರ ಪಟ್ಟಿಯಲ್ಲಿ ಹೆಂಗಸಿನ ಹೆಸರು ಇರಲೇಬೇಕು ಅಂತ ಕಾನೂನು ಹೇಳುತ್ತದೆ, ಯಾರನ್ನ ಹಾಕೋದು ಅಂತ ಹುಡುಕಿದರು, ರಿಟೈರಾದ ಲೆಕ್ಕದ ಟೀಚರು, ಗಂಡ ಇಲ್ಲ, ಮಕ್ಕಳು ಅವರವರ ಮನೆ ಸೇರಿದ್ದಾರೆ, ಪಾಪ ಮನೇಲಿ ಕೂತಿರುತ್ತಾಳೆ ಅಂತ ನನ್ನ ಹೆಸರು ಬರೆದರು. ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ಗಂಡಸರದೆಲ್ಲ ಮೀಸೆ ಹೊತ್ತ ಫೋಟೋ. ನನ್ನ ಜಾಗದಲ್ಲಿ ಒಂದು ಗುಲಾಬಿ ಹೂವು, ಕೆಳಗೆ ತಮ್ಮನ ಹೆಸರು ಹಿಡಿದು ‘ರೌಹಿಯ ಅಕ್ಕ’. ನನಗೆ ರಸ್ಮಿಯ್ಯಾ ಅಂತ ಒಂದು ಹೆಸರಿದೆ ಮಾರಾಯ್ರೇ, ಮಗನ ಹೆಸರು ಹಿಡಿದು ಉಮ್ಮ್ ನಿಜಾರ್, ನಿಜಾರನ ಅಮ್ಮ, ಅಂತ ಕರೆದರೂ ಓಗೊಡುತ್ತೇನೆ. ಗುಲಾಬಿ ಹೂವು ಅಂದರೆ ಹೇಗೆ ಓಗೊಡಲಿ?

ಗೆದ್ದ ಮೇಲೆ ಗೊತ್ತಾಯಿತು, ನಮ್ಮೂರು ಬೈತ್ ಸುಮ್ಮಾಕಿನ ಪುರಸಭೆ ಪುರಸಭೆಯ ಕಟ್ಟಡದಲ್ಲಿ ಕೂರುವುದೇ ಇಲ್ಲ. ಕಟ್ಟಡದಲ್ಲಿ ಇರುವುದು ಒಂದು ಫ್ಯಾನು, ಒಬ್ಬ ಗುಮಾಸ್ತ. ಸಭೆ ನಡೆಯುವುದು ಕೆಳಗಿನ ಕೇರಿಯಲ್ಲಿ, ಅಧ್ಯಕ್ಷ ಅಬೂ ವಸ್ಫಿಯ ಮನೆತನದ ದಿವಾನಖಾನೆಯಲ್ಲಿ. ಅದು ಗಂಡಸರು ಕೂತು ಸಾವಿಗೆ ಸಂತಾಪ ಹೇಳುವ, ಮದುವೆ ಮಾತಾಡುವ ಜಾಗ. ಹೆಂಗಸರು ಅಲ್ಲಿಗೆ ಕಾಲಿಡುವ ಹಾಗಿಲ್ಲ. ತೀರ್ಮಾನ ಮಾಡಿ, ತಿಂದು, ಕುಡಿದು, ಮಾರನೇ ದಿನ ಗುಮಾಸ್ತನ ಕೈಲಿ ಕಾಗದ ಕೊಟ್ಟು ನನ್ನ ಸಹಿಗೆ ಕಳಿಸುತ್ತಿದ್ದರು. ಮೊದಲ ಸಲ ನಾನು ಸಹಿ ಹಾಕಲಿಲ್ಲ. ಎರಡನೇ ಸಲವೂ ಹಾಕಲಿಲ್ಲ. ಆಮೇಲೆ ಅವರು ಕಳಿಸುವುದನ್ನೇ ಬಿಟ್ಟರು, ಒಂಬತ್ತು ಜನರಲ್ಲಿ ಎಂಟು ಸಹಿ ಸಾಕಂತೆ.

ನನಗೆ ಕುರ್ಚಿಯ ಆಸೆ ಇತ್ತು ಅಂದುಕೊಳ್ಳಬೇಡಿ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಶಾಲೆಯ ವಿಷಯಕ್ಕೆ. ಮೇಲಿನ ಕೇರಿಯ ಹೆಣ್ಣುಮಕ್ಕಳ ಶಾಲೆ, ನಾನು ಸೀಮೆಸುಣ್ಣ ಹಿಡಿದು ಮುದುಕಿಯಾದ ಶಾಲೆ. ಬೇಸಿಗೆ ಬಂತು ಅಂದರೆ ಅದರ ಟ್ಯಾಂಕು ಒಣಗುತ್ತದೆ. ಟ್ಯಾಂಕು ಒಣಗಿದ ದಿನ ಶೌಚಾಲಯಕ್ಕೆ ಬೀಗ, ಬೀಗ ಬಿದ್ದ ದಿನ ಹುಡುಗಿಯರು ಮನೆಗೆ. ಈ ವರ್ಷ ಶಿಕ್ಷಣ ಇಲಾಖೆಯವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: ಹೊಸ ಶಾಲಾ ವರ್ಷ ಶುರುವಾಗುವುದರೊಳಗೆ ನೀರಿನ ಖಾತ್ರಿ ಇಲ್ಲದಿದ್ದರೆ ಶಾಲೆ ಮುಚ್ಚಿ ಕೆಳಗಿನ ಕೇರಿಯ ಶಾಲೆಗೆ ಸೇರಿಸುತ್ತೇವೆ. ಸೇರಿಸಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಕೆಳಗಿನ ಶಾಲೆಗೆ ಸೇನೆಯ ಚೆಕ್‌ಪೋಸ್ಟಿನ ಪಕ್ಕದ ದಾರಿಯಲ್ಲೇ ಹೋಗಬೇಕು. ನಮ್ಮ ಕೇರಿಯ ಅಪ್ಪಂದಿರು ದೊಡ್ಡ ಹುಡುಗಿಯರನ್ನು ಆ ದಾರಿಗೆ ಕಳಿಸುವವರಲ್ಲ. ಅರ್ಧಕ್ಕರ್ಧ ಹುಡುಗಿಯರ ಓದು ಅಲ್ಲಿಗೆ ಮುಗೀತು.

ಊರಿಗೆ ಎಷ್ಟು ನೀರು ಬರಬೇಕು ಅನ್ನುವುದು ನಮ್ಮ ಕೈಲಿಲ್ಲ, ಅದನ್ನು ಆ ಚೆಕ್‌ಪೋಸ್ಟು ಹಾಕಿದವರ ಸರ್ಕಾರ ತೀರ್ಮಾನಿಸುತ್ತದೆ, ಅವರ ಹತ್ತಿರ ಬಂದೂಕೂ ಇದೆ. ಆದರೆ ಬಂದಷ್ಟನ್ನು ಹಂಚಿಕೊಳ್ಳುವುದು ನಮ್ಮ ಕೈಲೇ ಇದೆಯಲ್ಲ! ವಾಲ್ವು ತಿರುಗಿಸುವ ನೀರುಗಂಟಿ ಅಬೂ ವಸ್ಫಿಯ ಅಣ್ಣನ ಮಗ. ಕೆಳಗಿನ ಕೇರಿಗೆ ವಾರಕ್ಕೊಮ್ಮೆ ನೀರು, ನಾವು ತಿಂಗಳು ಕಾಯಬೇಕು. ಕೇಳಿದರೆ ಗುಡ್ಡ, ಒತ್ತಡ ಸಾಲದು, ಪಂಪು ಹಳೇದು ಅಂತ ಹಾಡು. ನಮ್ಮ ಕೇರಿಯಲ್ಲೇ ನೀರುಗಂಟಿಯ ಮಾವನ ಮನೆ ಇದೆ, ಆ ಮನೆಯ ಮಾಡಿನ ಟ್ಯಾಂಕಿಗೆ ಮಾತ್ರ ನೀರು ಹೇಗೋ ಗುಡ್ಡ ಹತ್ತಿಬಿಡುತ್ತಿತ್ತು.

ದಿವಾನಖಾನೆಗೆ ಹೋಗುವ ಹಾಗಿಲ್ಲ, ಕಟ್ಟಡದಲ್ಲಿ ಸಭೆ ಇಲ್ಲ. ಹಾಗಾದರೆ ಶಾಲೆಯ ಮಾತು ಎಲ್ಲಿ ಎತ್ತಲಿ? ಪಿತ್ತ ನೆತ್ತಿಗೇರಿ ಬಸ್ಸು ಹತ್ತಿ ರಾಮಲ್ಲಾಗೆ ಹೋದೆ. ಸ್ಥಳೀಯ ಆಡಳಿತದ ಕಚೇರಿಯಲ್ಲಿ ದೂರು ಕೊಟ್ಟೆ: ನಮ್ಮ ಪುರಸಭೆ ಕಾನೂನಿನ ಪ್ರಕಾರ ಸಭೆಯನ್ನೇ ಮಾಡುತ್ತಿಲ್ಲ. ಅಲ್ಲಿಯ ಅಧಿಕಾರಿ ಒಳ್ಳೆಯ ಹುಡುಗ, ವಿಚಾರಣೆಗೆ ಬರುತ್ತೇವೆ ಅಂದ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿತ್ತು. ತಮ್ಮ ರೌಹಿ ಬಾಗಿಲಲ್ಲೇ ಕಾಯುತ್ತಿದ್ದ, ಮುಖ ಇಷ್ಟು ದಪ್ಪ. ಊರಿನ ಮಾನವನ್ನು ರಾಮಲ್ಲಾದಲ್ಲಿ ಹರಾಜು ಹಾಕಿದೆಯಂತೆ, ನಾಳೆ ಸಂಜೆ ಅಬೂ ವಸ್ಫಿ ಜಾಹಾ ಕರಕೊಂಡು ನಿನ್ನ ಮನೆಗೇ ಬರುತ್ತಾನೆ ಅಂದ.

ಜಾಹಾ ಅಂದರೆ ಊರಿನ ಹಿರಿಯರೆಲ್ಲ ಒಟ್ಟಾಗಿ ಬೇಡಿಕೆ ಹೊತ್ತು ಮನೆ ಬಾಗಿಲಿಗೆ ಬರುವುದು. ಹೆಣ್ಣು ಕೇಳಲು ಹಾಗೆ ಬರುತ್ತಾರೆ, ಕೊಲೆಯಾದ ಮನೆಗೆ ಕ್ಷಮೆ ಕೇಳಲು ಹಾಗೆ ಬರುತ್ತಾರೆ. ಕಾಫಿ ಕೊಟ್ಟರೆ ಮುಟ್ಟುವುದಿಲ್ಲ, ಕೆಳಗಿಟ್ಟು ಕೂರುತ್ತಾರೆ. ಮನೆಯ ಗಂಡಸು ‘ಕಾಫಿ ಕುಡೀರಿ, ಕೇಳಿದ್ದು ಕೊಟ್ಟಿದ್ದೀವಿ’ ಅಂದ ಮೇಲೇ ಕುಡಿಯುವುದು. ಕಾಫಿ ಕುಡಿಯದೆ ಜಾಹಾ ಎದ್ದುಹೋದ ಮನೆ ಅಂದರೆ ಮೊಮ್ಮಕ್ಕಳ ಕಾಲಕ್ಕೂ ಜನ ಬೊಟ್ಟು ಮಾಡಿ ತೋರಿಸುತ್ತಾರೆ. ಮಗನ ರಕ್ತವನ್ನೇ ಕ್ಷಮಿಸಿದವರಿದ್ದಾರೆ ಆ ಕಾಫಿಯ ಮುಂದೆ. ನನ್ನ ದೂರು ಯಾವ ಲೆಕ್ಕ? ಅಬೂ ವಸ್ಫಿ ಜಾಣ, ನನ್ನ ಜೊತೆ ವಾದ ಮಾಡಿದರೆ ಗೆಲ್ಲುವುದಿಲ್ಲ ಅಂತ ಅವನಿಗೆ ಗೊತ್ತು, ಅದಕ್ಕೇ ಸಂಪ್ರದಾಯವನ್ನು ಕೈಗೆತ್ತಿಕೊಂಡಿದ್ದ.

ಮಾರನೇ ಸಂಜೆ ಬಂದರು. ಮುಂದೆ ಹಾಜಿ ದಿಯಾಬ್, ಇಡೀ ಊರು ತಲೆಬಾಗುವ ಮುದುಕ, ಹಿಂದೆ ಅಬೂ ವಸ್ಫಿ, ಅವನ ಹಿಂದೆ ಸಾಲು ಸಾಲು ಕೋಟುಗಳು. ಕೇರಿಯ ಹೆಂಗಸರೆಲ್ಲ ಅಂಗಳದ ಗೋಡೆಗೆ ಆತು ನಿಂತರು. ಇನ್ನೇನು, ಪುಕ್ಕಟೆ ನಾಟಕ ಯಾರು ಬಿಡುತ್ತಾರೆ? ರೌಹಿ ನನ್ನ ಪರವಾಗಿ ಯಜಮಾನನಾಗಿ ಕೂತ. ನನ್ನ ಜಾಗ ಅಡುಗೆಮನೆ ಅಂತ ಎಲ್ಲರೂ ತಿಳಿದಿದ್ದರು.

ಏಲಕ್ಕಿ ಹಾಕಿ ಕಾಫಿ ಕುದಿಸುತ್ತಾ ನನಗೆ ಅಳು ಬಂತು. ಸೋಲುತ್ತೇನೆ ಅಂತ ಅಲ್ಲ. ಇಷ್ಟು ವರ್ಷ ಎಷ್ಟೋ ಹುಡುಗಿಯರಿಗೆ ‘ನೀನು ಎದ್ದು ನಿಂತು ಕೇಳು, ಯಾರೂ ನಿನ್ನ ತಿಂದುಬಿಡಲ್ಲ’ ಅಂತ ಹೇಳಿಕೊಟ್ಟ ನಾನು ಈಗ ತಟ್ಟೆ ಹಿಡಿದು ಒಳಗೆ ಹೋಗಿ, ಬಾಯಿ ಮುಚ್ಚಿಕೊಂಡು ಹೊರಗೆ ಬರಬೇಕಲ್ಲ ಅಂತ. ಕಣ್ಣೊರೆಸಿಕೊಂಡು ತಟ್ಟೆ ಎತ್ತಿಕೊಂಡೆ. ರೌಹಿಯ ಮಗನ ಕೈಗೆ ಕೊಡಲಿಲ್ಲ, ನಾನೇ ಒಯ್ದೆ.

ಒಬ್ಬೊಬ್ಬರ ಮುಂದೆಯೂ ಬಟ್ಟಲು ಇಡುತ್ತಾ ಹೋದೆ. ಹಾಜಿ. ಅಬೂ ವಸ್ಫಿ. ಔಷಧಿ ಅಂಗಡಿಯ ಮಾಹಿರ್. ಕಲ್ಲುಗಣಿಯ ಯಜಮಾನ. ಅವನ ಷಡ್ಡಕ. ಇಡುತ್ತಾ ಇಡುತ್ತಾ ನನ್ನ ಕೈ ನಿಧಾನವಾಯಿತು. ಅಬೂ ವಸ್ಫಿ ತೂಕಕ್ಕಿರಲಿ ಅಂತ ಪುರಸಭೆಯ ಸದಸ್ಯರನ್ನೆಲ್ಲ ಒಬ್ಬರನ್ನೂ ಬಿಡದೆ ಎಳೆದು ತಂದಿದ್ದ. ಎಂಟು ಜನವೂ ನನ್ನ ಮನೆಯಲ್ಲಿ ಕೂತಿದ್ದಾರೆ! ಒಂಬತ್ತನೆಯವಳು ನಾನು. ಲೆಕ್ಕದ ಟೀಚರಿಗೆ ಇದಕ್ಕಿಂತ ಸುಲಭದ ಲೆಕ್ಕ ಯಾರಾದರೂ ಕೊಡುತ್ತಾರೆಯೇ?

ಹಾಜಿ ದಿಯಾಬ್ ದೇವರ ಹೆಸರೆತ್ತಿ, ಪ್ರವಾದಿಗಳನ್ನು ಸ್ಮರಿಸಿ, ಈ ಮನೆಯ ದೊಡ್ಡಗುಣ ಹೊಗಳಿ, ಕೊನೆಗೆ ದೂರು ಹಿಂದಕ್ಕೆ ಪಡೆಯಬೇಕು ಅಂತ ಕೇಳಿದರು. ಬಟ್ಟಲನ್ನು ಕೆಳಗೆ ಸರಿಸಿದರು. ಎಲ್ಲರೂ ಸರಿಸಿದರು. ರೌಹಿ ಬಾಯಿ ತೆರೆಯುವುದರೊಳಗೆ ನಾನು ಬಾಗಿಲ ಬಳಿಯ ಕುರ್ಚಿ ಎಳೆದು ಗಂಡಸರ ನಡುವೆ ಕೂತೆ.

“ಅಕ್ಕಾ, ನನ್ನ ಮರ್ಯಾದೆ,” ಅಂದ ರೌಹಿ, ಹಲ್ಲು ಕಚ್ಚಿ.

“ನಿನ್ನ ಮರ್ಯಾದೆ ನನ್ನ ತಲೆ ಮೇಲಿರಲಿ ಕಣೋ. ಹಾಜಿ, ನೀವು ನನ್ನ ಮನೆ ಬಾಗಿಲಿಗೆ ಬಂದಿದ್ದೀರಿ, ಬರಿಗೈಲಿ ಕಳಿಸೋಳಲ್ಲ ನಾನು. ದೂರು ಹಿಂದಕ್ಕೆ ತಗೋತೀನಿ. ಆದ್ರೆ ನಾನು ಬರೆದಿರೋದು ಪುರಸಭೆಯ ಸಭೆ ನಡೀತಿಲ್ಲ ಅಂತ. ಅದು ಸುಳ್ಳಾಗದೆ ಹೇಗೆ ಹಿಂದಕ್ಕೆ ತಗೊಳ್ಳಲಿ? ಒಂಬತ್ತು ಜನವೂ ಇಲ್ಲೇ ಇದ್ದೀವಿ. ಬಾಗಿಲು ತೆಗೆದಿದೆ, ಜನ ಹೊರಗೆ ನಿಂತಿದ್ದಾರೆ. ಈಗಲೇ ಸಭೆ ನಡೆಸಿಬಿಡಿ, ನನ್ನ ದೂರು ತಾನಾಗೇ ಬಿದ್ದು ಹೋಗುತ್ತೆ.”

ಅಬೂ ವಸ್ಫಿ ಮುಖ ಗಂಟಿಕ್ಕಿದ. ಸಭೆಗೆ ಮುಂಚೆ ತಿಳಿಸಬೇಕು, ನಿಯಮ ಇದೆ ಅಂದ. ದಿವಾನಖಾನೆಯ ಸಭೆಗಳನ್ನು ನನಗೆ ಯಾವತ್ತು ತಿಳಿಸಿದ್ದಿರಿ ಅಂತ ಕೇಳಿದೆ. ಗೋಡೆಯಾಚೆ ಯಾರೋ ಕಿಸಕ್ಕೆಂದು ನಕ್ಕರು, ಆಮೇಲೆ ಇನ್ಯಾರೋ. ಒಳಗೆ ಮಾತ್ರ ಯಾರೂ ನಗಲಿಲ್ಲ. ಹಾಜಿ ಎದ್ದು ಹೋಗಿಬಿಟ್ಟರೆ ಅಲ್ಲಿಗೆ ಎಲ್ಲಾ ಮುಗಿಯಿತು. ನನ್ನ ಮನೆಯ ಹೆಸರು, ನನ್ನ ತಮ್ಮನ ಸಂಬಂಧ, ಶಾಲೆ, ಎಲ್ಲ. ಮುದುಕರು ತಮ್ಮ ಊರುಗೋಲನ್ನು ನೋಡುತ್ತಾ ಕೂತೇ ಇದ್ದರು.

“ಕೇಳಿದ್ದನ್ನ ಕೊಡ್ತೀನಿ ಅಂದಿದ್ದಾಳೆ,” ಅಂದರು ಕೊನೆಗೆ. “ಇಲ್ಲ ಅಂದಿಲ್ಲವಲ್ಲ. ಜಾಹಾದಲ್ಲಿ ಮನೆಯವರು ಷರತ್ತು ಹೇಳೋದು ನಮ್ಮಜ್ಜನ ಕಾಲದಿಂದಲೂ ಇದೆ. ಅಬೂ ವಸ್ಫಿ, ಶುರು ಮಾಡಪ್ಪ, ನನಗೆ ಕಾಫಿ ಬೇಕು.”

ನಾನು ಎದ್ದು ಹೆಂಗಸರನ್ನು ಒಳಗೆ ಕರೆದೆ. ಮೊದಲು ಯಾರೂ ಬರಲಿಲ್ಲ. ಆಮೇಲೆ ಪಕ್ಕದ ಮನೆಯ ಸಬ್‌ಹಾ ಹೊಸ್ತಿಲ ತನಕ ಬಂದಳು, ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿತ್ತು. ನನ್ನ ಹಳೇ ವಿದ್ಯಾರ್ಥಿನಿ. ತರಗತಿಯಲ್ಲಿ ಹಿಂದಿನ ಬೆಂಚಿನವಳು, ಒಂದು ದಿನಕ್ಕೂ ಕೈ ಎತ್ತಿದವಳಲ್ಲ. ಮಾತಾಡು ಅಂದೆ. ತಲೆವಸ್ತ್ರ ಸರಿಮಾಡಿಕೊಂಡಳು, ನೆಲ ನೋಡಿದಳು.

“ನನ್ನ ಮೂರು ಹೆಣ್ಣುಮಕ್ಕಳು ನೀರಿದ್ದ ದಿನ ಮಾತ್ರ ಶಾಲೆಗೆ ಹೋಗ್ತಾವೆ,” ಅಂದಳು. “ಶಾಲೆ ಮುಚ್ಚಿದ್ರೆ ಕೆಳಗಡೆಗೆ ಅವರಪ್ಪ ಕಳಿಸಲ್ಲ. ದೊಡ್ಡೋಳು ತುಂಬಾ ಚೆನ್ನಾಗಿ ಓದ್ತಾಳೆ. ಇದನ್ನ ಎಲ್ಲಿ ಹೇಳ್ಕೋಬೇಕು ಅಂತ ನಂಗೆ ಇಷ್ಟು ವರ್ಷ ಗೊತ್ತೇ ಆಗಲಿಲ್ಲ, ಅಬೂ ವಸ್ಫಿ ಅವರೇ. ನಿಮ್ಮ ದಿವಾನಖಾನೆಗೆ ನಾವು ಬರೋ ಹಾಗಿಲ್ಲವಲ್ಲ.”

ಅವಳು ಜಗಳದ ದನಿಯಲ್ಲಿ ಹೇಳಿದ್ದರೆ ಅವನು ಜಗಳದ ದನಿಯಲ್ಲೇ ಉತ್ತರ ಕೊಡುತ್ತಿದ್ದ, ಅದು ಅವನಿಗೆ ಸಲೀಸು. ಇವಳು ಸುಮ್ಮನೆ ಹೇಳಿ ಸುಮ್ಮನೆ ನಿಂತಳು. ಅಬೂ ವಸ್ಫಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆ ಮನುಷ್ಯ ಕೆಟ್ಟವನಲ್ಲ, ಹೆದರುಪುಕ್ಕಲ. ನೀರಿನ ಸರದಿ ಬದಲಾಯಿಸಿದರೆ ಕೆಳಗಿನ ಕೇರಿಯವರು ನನ್ನ ಸುಮ್ಮನೆ ಬಿಡುತ್ತಾರೆಯೇ ಟೀಚರ್ ಅಂತ ನನ್ನನ್ನೇ ಕೇಳಿದ. ಬಿಡುವುದಿಲ್ಲ ಅಂತ ನಾನೂ ಒಪ್ಪಿದೆ. ಅದಕ್ಕೇ ಅಲ್ಲವೇ ಬಾಗಿಲು ತೆಗೆದಿಡುವುದು, ಬೈಯುವವರು ಬಂದು ಎಲ್ಲರೆದುರೇ ಬೈಯಲಿ, ಉತ್ತರವನ್ನೂ ಎಲ್ಲರೆದುರೇ ಕೊಡಿ ಅಂದೆ. ನೀರು ಮೊದಲು ಶಾಲೆಗೆ, ಸಭೆ ಕಟ್ಟಡದಲ್ಲೇ, ಒಪ್ಪುವವರು ಕೈ ಎತ್ತಿ ಅಂತ ಕೇಳಿದೆ.

ಮೊದಲು ಕೈ ಎತ್ತಿದವನು ಔಷಧಿ ಅಂಗಡಿಯ ಮಾಹಿರ್. ಕಲ್ಲುಗಣಿಯವನು ಅವನನ್ನು ದುರುಗುಟ್ಟಿಕೊಂಡು ನೋಡಿದ, ಆಮೇಲೆ ಹೊರಗಿನ ಹೆಂಗಸರನ್ನು ನೋಡಿದ, ಏನು ಹೊಳೆಯಿತೋ, ತಾನೂ ಎತ್ತಿದ. ಹಾಗೆ ಒಂದೊಂದೇ. ಎಲ್ಲರಿಗಿಂತ ಕೊನೆಗೆ ಅಬೂ ವಸ್ಫಿ. ನೀರು ಮೊದಲು ಶಾಲೆಗೆ, ಆಮೇಲೆ ಕೇರಿಗಳಿಗೆ ಸರದಿಯ ಮೇಲೆ. ವಾಲ್ವಿನ ಕೀಲಿ ಪುರಸಭೆಯ ಕಟ್ಟಡದಲ್ಲಿರಬೇಕು. ಸಭೆ ತಿಂಗಳ ಮೊದಲ ಗುರುವಾರ, ಅದೇ ಕಟ್ಟಡದಲ್ಲಿ, ಗಂಡಸು ಹೆಂಗಸು ಯಾರು ಬೇಕಾದರೂ ಬಂದು ಕೂರಬಹುದು.

ಆಗ ರೌಹಿ ಗಂಟಲು ಸರಿಮಾಡಿಕೊಂಡ. ‘ಕಾಫಿ ಕುಡೀರಿ’ ಅನ್ನಬೇಕಾದವನು ಅವನು. ಅನ್ನಲಿಲ್ಲ. ನನ್ನ ಕಡೆ ತಿರುಗಿ, “ಹೇಳು ಅಕ್ಕಾ, ನಿನ್ನ ಮನೆ,” ಅಂದ. ‘ಕಾಫಿ ಕುಡೀರಿ, ಕೇಳಿದ್ದು ಕೊಟ್ಟಿದ್ದೀನಿ’ ಅಂದೆ. ತಣ್ಣಗೆ ಕೊರೆಯುತ್ತಿದ್ದ ಕಾಫಿಯನ್ನು ಹಾಜಿ ದಿಯಾಬ್ ಒಂದೇ ಗುಟುಕಿಗೆ ಇಳಿಸಿ, ಇಂಥ ಕೆಟ್ಟ ಕಾಫಿ ಜನ್ಮದಲ್ಲಿ ಕುಡಿದಿಲ್ಲ ಅಂದರು.

ಎಲ್ಲಾ ಸರಿಹೋಯಿತು ಅಂದುಕೊಂಡಿರೋ? ಮೊದಲ ವಾರ ನೀರುಗಂಟಿ ಕೀಲಿ ಕೊಡದೆ ಸತಾಯಿಸಿದ. ಎರಡನೇ ವಾರ ಪಂಪು ಕೆಟ್ಟಿತು, ಈ ಸಲ ನಿಜವಾಗಿಯೇ. ನಾನು ದಿನಾ ಬೆಳಿಗ್ಗೆ ಹೋಗಿ ಕಟ್ಟಡದ ಬೆಂಚಿನ ಮೇಲೆ ಕೂರುತ್ತಿದ್ದೆ, ಗುಮಾಸ್ತನಿಗೆ ನನ್ನ ಕಂಡರೆ ತಲೆನೋವು. ಆದರೆ ಶಾಲೆ ತೆರೆಯುವ ಮುಂಚಿನ ದಿನ ಟ್ಯಾಂಕಿಗೆ ನೀರು ಬಿತ್ತು. ಶಾಲೆಯ ಮಾಡಿನ ಮೇಲೆ ನಿಂತು ಆ ಸದ್ದು ಕೇಳಿ ನಾನು ಅತ್ತೆ, ಯಾರಿದ್ದಾರೆ ಯಾರಿಲ್ಲ ಅಂತ ನೋಡಲೂ ಇಲ್ಲ. ಶಿಕ್ಷಣ ಇಲಾಖೆಯವರು ಬಂದು ನೋಡಿ, ಈ ವರ್ಷ ನಡೆಸಿ, ಮುಂದಿನದು ಮುಂದೆ ಅಂದರು. ಈ ವರ್ಷ ಅಂದರೆ ಸಬ್‌ಹಾಳ ದೊಡ್ಡ ಮಗಳಿಗೆ ಒಂದು ತರಗತಿ. ಅಷ್ಟಾದರೂ ಕೈಗೆ ಬಂತು.

ಮೊದಲ ಗುರುವಾರ ಬಂತು. ಕಟ್ಟಡದಲ್ಲಿ ಕುರ್ಚಿ ಹಾಕಿಸಿದ್ದೆವು. ಜನ ಬರುತ್ತಾರೋ ಇಲ್ಲವೋ ಅಂತ ನನಗೆ ಒಳಗೊಳಗೇ ಪುಕಪುಕ. ಮೊಟ್ಟಮೊದಲು ಮೆಟ್ಟಿಲು ಹತ್ತಿ ಬಂದವಳು ಯಾರು ಗೊತ್ತೇ? ಉಮ್ಮ್ ವಸ್ಫಿ. ಅಧ್ಯಕ್ಷನ ಹೆಂಡತಿ! ಮದುವೆಯಾದಾಗಿನಿಂದ ಆ ಕಟ್ಟಡದ ಒಳಗೆ ಕಾಲಿಟ್ಟವಳಲ್ಲ. ಮುಂದಿನ ಸಾಲಿನಲ್ಲಿ ಕೂತಳು, ಚೀಲವನ್ನು ತೊಡೆ ಮೇಲಿಟ್ಟುಕೊಂಡಳು, ಪ್ರಶ್ನೆಗಳಿವೆಯೇ ಅಂತ ಗುಮಾಸ್ತ ಕೇಳಿದ್ದೇ ತಡ ಎದ್ದು ನಿಂತಳು. ಮನೆಯಲ್ಲಿ ಒಗೆಯುವ ಬಟ್ಟೆ ಗುಡ್ಡ ಬಿದ್ದಿದೆ, ನೀರು ಬಂದು ಎಷ್ಟು ದಿನವಾಯಿತು, ಮನೇಲಿ ಕೇಳಿದರೆ ಸಭೇಲಿ ಕೇಳು ಅಂತಾರೆ, ಇಗೋ ಕೇಳುತ್ತಿದ್ದೇನೆ, ನಮಗೆ ನೀರು ಯಾವಾಗ ಅಂದಳು.

ಸಭೆ ಹೋ ಅಂತ ನಕ್ಕಿತು. ಅಬೂ ವಸ್ಫಿ ಕಿವಿ ತನಕ ಕೆಂಪಾದ. ನನ್ನ ಕಡೆ ನೋಡಿದ. ಉತ್ತರ ನನಗೆ ಗೊತ್ತಿತ್ತು, ನಾಲಿಗೆ ತುದಿಯಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ. ಅವನು ಎದ್ದು ನಿಂತು, ಹೆಂಡತಿಯ ಮುಖ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಮೊದಲು ಹುಡುಗಿಯರ ಶಾಲೆಗೆ, ಉಮ್ಮ್ ವಸ್ಫಿ. ನಮ್ಮ ಸರದಿ ಆಮೇಲೆ.”